ಖಾಲಿ ಡಬ್ಬಿ ವಾಪಸ್ ಕೊಡಬೇಡಿ

ನಮ್ಮ ಮನೆ ಚಿಂತಾಮಣಿಯಲ್ಲಿ. ಪಕ್ಕದ್ದು ಮುಸ್ಲಿಮರ ಮನೆ. ಆ ಮನೆಯಾಕೆ ನನಗೆ ಆಪಾ, ಅಂದರೆ ಅಕ್ಕ; ನನ್ನ ಮಕ್ಕಳಿಗೆ ಖಾಲಾ, ಅಂದರೆ ಚಿಕ್ಕಮ್ಮ. ಬೇರೆಯವರ ದೇವರು, ಊಟ, ಹಬ್ಬವನ್ನು ಗೌರವಿಸಲು ಮಕ್ಕಳಿಗೆ ಕಲಿಸಬೇಕಾ? ಅವರನ್ನು ಕರೆಯುವ ಹೆಸರಿನಿಂದಲೇ ಶುರು ಮಾಡಿ. 'ಆ ಸಾಬರ ಮನೆ' ಅಂದರೆ ಮಗು ಹೊಸ್ತಿಲಲ್ಲೇ ನಿಲ್ಲುತ್ತದೆ. ಖಾಲಾ ಮನೆ ಅಂದರೆ ಒಳಗೆ ಓಡುತ್ತದೆ.

ಮಗು ಏನಾದರೂ ಕೇಳಿದರೆ ನೀವೇ ಉತ್ತರ ಕೊಡಬೇಡಿ, ಆ ಮನೆಯವರ ಹತ್ತಿರವೇ ಕಳಿಸಿ. "ಖಾಲಾ ಹಗಲೆಲ್ಲ ನೀರೂ ಕುಡಿಯಲ್ವಲ್ಲ, ಯಾಕೆ?" ಅಂದಳು ಮಗಳು. ಹೋಗಿ ಕೇಳು ಅಂದೆ. "ಹಸಿದವರ ಕಷ್ಟ ನಮಗೂ ಗೊತ್ತಾಗ್ಲಿ ಅಂತ, ಬೇಟಿ" ಅಂದರಂತೆ. ಅವತ್ತಿನಿಂದ ರೋಜಾ, ಅಂದರೆ ರಂಜಾನ್ ಉಪವಾಸ, ಇರುವವರ ಮುಂದೆ ಅವಳು ಬಿಸ್ಕತ್ತು ತಿನ್ನುವುದಿಲ್ಲ. ನಾನು ಹೇಳಿಕೊಟ್ಟದ್ದಲ್ಲ.

ಹಬ್ಬಗಳನ್ನು ಜೊತೆಯಲ್ಲಿಟ್ಟು ತೋರಿಸಿ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ. ಮಾರನೇ ದಿನ ಹೊಸತೊಡಕು. ಸಂಜೆ ಚಂದ್ರನನ್ನು ನೋಡಲು ತಾರಸಿ ಹತ್ತಿದೆವು. ಪಕ್ಕದ ತಾರಸಿಯಲ್ಲಿ ಅವರೂ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು, ಮಾರನೇ ದಿನ ಅವರಿಗೆ ಈದ್. ಮೊದಲು ಕಂಡದ್ದು ಅವರ ಚಿಕ್ಕ ಹುಡುಗನಿಗೆ. ಅವನು ಬೆರಳು ತೋರಿಸಿದ ಕಡೆ ನಾವೆಲ್ಲ ನೋಡಿದೆವು. ನನ್ನ ಮಕ್ಕಳು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದರು, ಆಮೇಲೆ ಆ ಕಡೆ ತಿರುಗಿ ಸಲಾಂ ಅಂದರು.

ಆ ರಾತ್ರಿ ಕ್ಯಾಲೆಂಡರ್ ಇಳಿಸಿ ಕೂತೆವು. ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 354 ದಿನ. ಕಡಿಮೆ ಬಿದ್ದದ್ದನ್ನು ನಾವು ಅಧಿಕ ಮಾಸ ಹಾಕಿ ಸರಿ ಮಾಡುತ್ತೇವೆ, ಅವರು ಹಾಕುವುದಿಲ್ಲ. ಅದಕ್ಕೇ ರಂಜಾನ್ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಇಷ್ಟು ಲೆಕ್ಕ ಐದನೇ ಕ್ಲಾಸಿನ ಮಗುವಿಗೆ ಚೆನ್ನಾಗಿ ಅರ್ಥ ಆಗುತ್ತದೆ.

ಊಟದ ವಿಷಯ ಎರಡೇ ಮಾತು. ಯಾರ ತಟ್ಟೆ ನೋಡಿಯೂ 'ಛೀ' ಅನ್ನಬಾರದು. ಬಾಡು ತಿನ್ನದ ಗೆಳತಿಯನ್ನು ರೇಗಿಸಬಾರದು.

ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ನಮ್ಮ ಕಡೆ ಎಲ್ಲ ಜಾತಿಯವರೂ ಹರಕೆ ಹೊತ್ತು ಹೋಗುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಚಪ್ಪಲಿ ಹೊರಗೆ, ತಲೆ ಮೇಲೆ ಬಟ್ಟೆ, ಮಾತು ಮೆಲ್ಲಗೆ ಅಂತ ಬಸ್ಸಿನಲ್ಲೇ ಹೇಳಿಡಿ.

ಮಗು ಹೊರಗಿನಿಂದ ಕೆಟ್ಟ ಮಾತು ಕಲಿತು ಬಂದರೆ ಹೊಡೆಯಬೇಡಿ. ಒಮ್ಮೆ ಮಗನಿಗೆ ಹೊಡೆದೆ, ಅವನು ನನ್ನ ಮುಂದೆ ಆ ಮಾತು ಆಡುವುದನ್ನಷ್ಟೇ ಬಿಟ್ಟ. ಮುಂದಿನ ಸಲ, "ಇದನ್ನ ಖಾಲಾ ಕೇಳಿಸಿಕೊಂಡ್ರೆ?" ಅಂದೆ. ತುಂಬಾ ಹೊತ್ತು ಸುಮ್ಮನೆ ಕೂತಿದ್ದ.

ಮನೆಯ ಹಿರಿಯರದ್ದೇ ಕಷ್ಟ. ನಮ್ಮತ್ತೆ ಆ ಮನೆಯದ್ದು ಬಾಯಿಗಿಡುತ್ತಿರಲಿಲ್ಲ, ಈಗಲೂ ಇಡುವುದಿಲ್ಲ. ಮಕ್ಕಳ ಮುಂದೆ ಅವರ ಜೊತೆ ವಾದ ಮಾಡಲಿಲ್ಲ. ಆದರೆ ಕೊಟ್ಟವರ ಪಾತ್ರೆ ಖಾಲಿ ಕಳಿಸಬಾರದು ಅನ್ನುವುದು ಅವರದೇ ಮಾತು. ಆ ಈದಿಗೆ ಶೀರ್ ಖುರ್ಮಾ, ಅದೇ ಶ್ಯಾವಿಗೆ ಪಾಯಸ, ಬಂದ ಡಬ್ಬಿಯನ್ನು ತೊಳೆದು ಅತ್ತೆಯ ಕೈಗೇ ಕೊಟ್ಟೆ. ಯುಗಾದಿಯ ಒಬ್ಬಟ್ಟು ನಾಲ್ಕು ಉಳಿದಿದ್ದವು. ಕಾವಲಿ ಮೇಲೆ ಬಿಸಿ ಮಾಡಿ, ಅದರಲ್ಲಿಟ್ಟು, ಮೊಮ್ಮಗನನ್ನು ಕರೆದರು.

"ತುಪ್ಪ ಹಾಕಿದ್ದೀನಿ ಕಣೋ, ಓರೆ ಮಾಡ್ಬೇಡ."