ಎಡಬ್ಲ್ಯೂಪಿ ಬಿಟ್ಟೆ, ಸೆಕೆಂಡ್ ಎಣಿಸಿದೆ, ಟೀಮ್ ಸಿಕ್ಕಿತು: ನನ್ನ ಅನುಭವ

ಹೋದ ತಿಂಗಳು 8ನೇ ಸಂಬಳ ಬಂತು. ಕಂಪ್ಯೂಟರ್‌ನಲ್ಲಿ ಶೂಟಿಂಗ್ ಆಟ ಆಡಿ ಬಂದ ಸಂಬಳ. ಹಳೆಯ ಕೆಲಸದಲ್ಲಿ ಸಿಗುತ್ತಿದ್ದುದರ ಮುಕ್ಕಾಲು ಭಾಗ ಅಷ್ಟೇ, ಆದರೆ ಒಂದು ತಿಂಗಳೂ ತಪ್ಪಿಲ್ಲ. ಸಣ್ಣ ಟೀಮ್‌ಗಳಲ್ಲಿ ಅಲೆದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ದಿನಕ್ಕೆ 5 ಗಂಟೆ ಆಡಿ, ಯಾರಿಗೂ ಬೇಡದ ಜಾಗದಲ್ಲಿ ನಿಂತು ಯಾರಾದರೂ ಪ್ರೊ ಆಗ್ತಾರಾ ಅಂತ ನನ್ನನ್ನು ಕೇಳಿದವರು ತುಂಬಾ ಜನ. ಅವರಿಗೆ ಉತ್ತರ ಕೊಡಬೇಕು ಅಂತಲೇ ಬರೆಯುತ್ತಿದ್ದೇನೆ.

ನನ್ನದು ಕೌಂಟರ್ ಸ್ಟ್ರೈಕ್. ಐದೈದು ಜನರ ಎರಡು ಟೀಮ್, ಒಂದು ಟೀಮ್ ಬಾಂಬ್ ಇಡೋಕೆ ನುಗ್ಗುತ್ತದೆ, ಇನ್ನೊಂದು ತಡೆಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಅದರ ಹೊಸ ಆವೃತ್ತಿ ಸಿಎಸ್2 ಬಂದಾಗ ಕೆಲಸ ಬಿಟ್ಟೆ. ಎಲ್ಲರೂ ಹೊಸದಾಗಿ ಶುರು ಮಾಡುತ್ತಾರೆ, ನುಗ್ಗೋದಕ್ಕೆ ಇದೇ ಸಮಯ ಅನ್ನೋದು ನನ್ನ ಲೆಕ್ಕ. ಆ ಲೆಕ್ಕ ತಪ್ಪಾಗಿತ್ತು. ಮ್ಯಾಪ್ ಅವೇ, ಗನ್ ಅವೇ, ಮುಂದಿದ್ದವರು ಮುಂದೆಯೇ ಉಳಿದರು. ಕೈಯಲ್ಲಿ 5 ತಿಂಗಳ ಖರ್ಚಿಗಾಗುವಷ್ಟು ದುಡ್ಡಿತ್ತು. ಅದರಲ್ಲಿ ಒಂದು ತಿಂಗಳದ್ದು 240 ಹರ್ಟ್ಸ್ ಮಾನಿಟರ್‌ಗೆ ಹೋಯಿತು.

ದಿನಕ್ಕೆ 10-11 ಗಂಟೆ ಆಡಿದೆ, ಬರೀ ಎಡಬ್ಲ್ಯೂಪಿ ಅನ್ನೋ ಸ್ನೈಪರ್ ಗನ್ ಹಿಡಿದು. ಆನ್‌ಲೈನ್ ಮ್ಯಾಚ್ ಆಡುವ ಫೇಸಿಟ್‌ನಲ್ಲಿ ಲೆವೆಲ್ 10 ದಾಟಿ ಸುಮಾರು 2,700 ಇಲೋ (ರ್‍ಯಾಂಕಿಂಗ್ ಅಂಕ) ವರೆಗೆ ಹತ್ತಿದೆ. ಮೂರು ಟೀಮ್ ಟ್ರಯಲ್‌ಗೆ ಕರೆದವು, ಮೂರೂ ಬಿಟ್ಟವು. ಚೆನ್ನಾಗಿ ಹೊಡೀತೀಯ, ಆದರೆ ಜಾಗ ಇಲ್ಲ ಅಂದರು. ನಿಜವೂ ಹೌದು. ಆಟದೊಳಗಿನ ದುಡ್ಡಿನಲ್ಲಿ 4,750ರ ಗನ್ ಕೈಗೆ ಕೊಡೋದು ಅಂದರೆ ಟೀಮ್ ತನ್ನ ದುಡ್ಡನ್ನೆಲ್ಲ ಒಬ್ಬನ ಮೇಲೆ ಕಟ್ಟಿದ ಹಾಗೆ, ಅವನು ಸತ್ತರೆ ಮುಂದಿನ ರೌಂಡ್ ಎಲ್ಲರೂ ಬಡವರು. ಅಂಥ ಜಾಗವನ್ನು ಹೊರಗಿನಿಂದ ಬಂದವನಿಗೆ ಯಾರು ಕೊಡುತ್ತಾರೆ? ನಾಲ್ಕನೇ ತಿಂಗಳಿಗೆ ದುಡ್ಡು ಮುಗಿಯಿತು. ಅದೇ ಹೊತ್ತಿಗೆ ಬಲಗೈ ಮಣಿಕಟ್ಟು ಎಷ್ಟು ನೋಯತೊಡಗಿತು ಅಂದರೆ ಲೋಟ ಹಿಡಿಯೋದೂ ಕಷ್ಟ. ಮೂರು ವಾರ ಮೌಸ್ ಮುಟ್ಟಬಾರದು ಅಂದರು ಡಾಕ್ಟರ್.

ಆ ಮೂರು ವಾರವೇ ಎಲ್ಲವನ್ನೂ ಬದಲಿಸಿತು. ಆಡುವ ಹಾಗಿಲ್ಲ, ಸುಮ್ನೆ ಕೂತು ಡೆಮೊ, ಅಂದರೆ ಮುಗಿದ ಮ್ಯಾಚ್‌ಗಳ ರೆಕಾರ್ಡಿಂಗ್ ನೋಡಿದೆ. ನನ್ನದಲ್ಲ, ನನ್ನನ್ನು ಬಿಟ್ಟ ಟೀಮ್‌ಗಳು ಸೋತ ಮ್ಯಾಚ್‌ಗಳದ್ದು. ಮತ್ತೆ ಮತ್ತೆ ಕಂಡದ್ದು ಒಂದೇ. ಮಿರಾಜ್ ಮ್ಯಾಪ್‌ನಲ್ಲಿ ಬಿ ಸೈಟ್ (ಬಾಂಬ್ ಇಡುವ ಎರಡು ಜಾಗಗಳಲ್ಲಿ ಒಂದು), ಇನ್ಫರ್ನೊ ಮ್ಯಾಪ್‌ನಲ್ಲಿ ಬನಾನಾ ಅನ್ನೋ ದಾರಿ, ನ್ಯೂಕ್‌ನಲ್ಲಿ ರ‍್ಯಾಂಪ್ ಕಾಯುವವನು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ. ಒಬ್ಬನೇ ನಿಲ್ಲಬೇಕು, ಐದು ಜನ ಒಟ್ಟಿಗೆ ನುಗ್ಗುತ್ತಾರೆ, ಸ್ಕೋರ್‌ಬೋರ್ಡ್‌ನಲ್ಲಿ ಹೆಸರು ಕೆಳಗಿರುತ್ತದೆ. ಯಾರಿಗೆ ಬೇಕು ಹೇಳಿ? ನಾನು ಅದನ್ನೇ ಆರಿಸಿಕೊಂಡೆ. ಜೊತೆ ಆಡುತ್ತಿದ್ದವರು ಫ್ರ್ಯಾಗ್ (ಕಿಲ್) ಇಲ್ಲದೆ ಯಾರೂ ನೋಡಲ್ಲ ಅಂದರು. ಅಪ್ಪನಂತೂ ನಾನು ಮತ್ತೆ ಅರ್ಧ ದಿನದ ಕೆಲಸಕ್ಕೆ ಸೇರಿದ್ದನ್ನು ನೋಡಿ ಆಟ ಬಿಟ್ಟೆ ಅಂತಲೇ ತಿಳಿದರು. ಬಿಟ್ಟಿರಲಿಲ್ಲ. ಬಾಡಿಗೆ ಚಿಂತೆ ಇಟ್ಟುಕೊಂಡು ಟ್ರಯಲ್ ಆಡಿದರೆ ಕೈ ನಡುಗುತ್ತದೆ, ಇದನ್ನು ಮೂರು ಸಲ ಅನುಭವಿಸಿದ್ದೆ.

ಇನ್ನು 5 ಗಂಟೆಯ ಲೆಕ್ಕ. ಏಮ್‌ಗೆ ಒಂದು ಗಂಟೆ, ಮ್ಯಾಚ್‌ಗೆ ಎರಡು, ಉಳಿದದ್ದು ಡೆಮೊ ಮತ್ತು ಖಾಲಿ ಸರ್ವರ್‌ನಲ್ಲಿ ಸ್ಮೋಕ್ (ಹೊಗೆ ಗ್ರೆನೇಡ್), ಮೊಲಟೊವ್ (ಬೆಂಕಿ ಹಚ್ಚುವ ಬಾಟಲಿ) ಎಸೆಯುವ ಅಭ್ಯಾಸ. ನಾನು ಕಿಲ್ ಎಣಿಸಲಿಲ್ಲ. ಸೆಕೆಂಡ್ ಎಣಿಸಿದೆ. ಮೊದಲ ಶತ್ರು ಕಂಡ ಕ್ಷಣದಿಂದ ಅವರು ಬಾಂಬ್ ಇಡುವವರೆಗೆ ಎಷ್ಟು ಹೊತ್ತು ತಡೆದೆ ಅನ್ನೋದನ್ನು ಪ್ರತಿ ರೌಂಡ್‌ಗೂ ನೋಟ್‌ಬುಕ್‌ನಲ್ಲಿ ಬರೆದೆ. ಶುರುವಿನಲ್ಲಿ 6-7 ಸೆಕೆಂಡ್ ಇತ್ತು. ನಾಲ್ಕು ತಿಂಗಳಲ್ಲಿ 14ಕ್ಕೆ ಬಂತು. ಇಟ್ಟ ಬಾಂಬ್ ಸಿಡಿಯೋದಕ್ಕೆ 40 ಸೆಕೆಂಡ್, ಕಿಟ್ ಇದ್ದರೆ ಅದನ್ನು ಡಿಫ್ಯೂಸ್ (ನಿಷ್ಕ್ರಿಯ) ಮಾಡೋಕೆ 5. ಬಾಂಬ್ ಇಡೋಕೆ ಮುಂಚೆಯೇ ಎ ಸೈಟ್‌ನಿಂದ ನಮ್ಮವರಿಬ್ಬರು ಬಂದು ಸೇರಿದರೆ ಆ ರೌಂಡ್ ಬೇರೆಯೇ ಆಟ. ಅದೂ ಅಲ್ಲದೆ ಈಗ ಮ್ಯಾಚ್ 13 ರೌಂಡ್ ಗೆದ್ದರೇ ಮುಗಿಯುತ್ತದೆ, ಮೊದಲಿನ ಹಾಗೆ 16 ಅಲ್ಲ. ಒಂದು ಸೈಟ್ ಸುಲಭವಾಗಿ ಬಿಟ್ಟುಕೊಟ್ಟರೆ ನಷ್ಟ ಜಾಸ್ತಿ.

ಹಳೆಯ ಅಭ್ಯಾಸ ಒಂದು ತುಂಬಾ ಕಾಡಿತು. ಸ್ಮೋಕ್ ಎಸೆದು ಅದರ ಹಿಂದೆ ಕೂರೋದು. ಸಿಎಸ್2ನಲ್ಲಿ ಎಚ್‌ಇ (ಸಿಡಿಯುವ) ಗ್ರೆನೇಡ್ ಎಸೆದು ಹೊಗೆಯನ್ನು ಒಂದು ಕ್ಷಣ ಚದುರಿಸಬಹುದಲ್ಲ, ಅಲ್ಲೇ ಸಾಯುತ್ತಿದ್ದೆ. ಈಗ ಎರಡನೇ ಸ್ಮೋಕ್ ಯಾವಾಗ, ಎಲ್ಲಿ ಬೀಳಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಮಾತ್ರ ಹೇಳುವುದಿಲ್ಲ, ಟೀಮ್ ಈಗಲೂ ಬಳಸುತ್ತಿದೆ.

ಬೇರೆ ಪ್ರಯೋಗಗಳೂ ಇದ್ದವು. ಮೌಸ್ ಸೆನ್ಸಿಟಿವಿಟಿ (ಕೈ ಸರಿಸಿದರೆ ಗುರಿ ಎಷ್ಟು ಸರಿಯುತ್ತದೆ ಅನ್ನೋದು) 1.4ರಿಂದ 0.9ಕ್ಕೆ ಇಳಿಸಿದೆ, ಎರಡು ವಾರ ಪೂರ್ತಿ ಹಾಳಾಗಿ ಆಮೇಲೆ ಸರಿಯಾಯಿತು, ಮಣಿಕಟ್ಟಿಗೂ ಒಳ್ಳೆಯದಾಯಿತು. 2024ರಲ್ಲಿ ಸ್ನ್ಯಾಪ್ ಟ್ಯಾಪ್ (ಎದುರುಬದುರು ದಿಕ್ಕಿನ ಎರಡು ಕೀ ಒಟ್ಟಿಗೆ ಒತ್ತಿದರೆ ಕೊನೆಯದನ್ನೇ ತಗೊಳ್ಳುವ ಸೌಲಭ್ಯ) ಇರೋ ಕೀಬೋರ್ಡ್ ಕೊಂಡು, ಓಡುತ್ತಾ ಗಕ್ಕನೆ ನಿಲ್ಲೋ ಕೌಂಟರ್ ಸ್ಟ್ರೇಫನ್ನೇ ಅದಕ್ಕೆ ಒಗ್ಗಿಸಿಕೊಂಡೆ. ಆಗಸ್ಟ್‌ನಲ್ಲಿ ಆಟ ತಯಾರಿಸುವ ಕಂಪನಿ ವಾಲ್ವ್ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಅದನ್ನು ನಿಷೇಧಿಸಿತು. ನಿಯಮ ಸರಿಯಾದದ್ದೇ, ಆದರೆ ಬೆರಳು ಹಳೆಯ ಲಯಕ್ಕೆ ಮರಳೋದಕ್ಕೆ ಒಂದು ತಿಂಗಳು ಹಿಡಿಯಿತು. ಚೆನ್ನಾಗಿ ಫಲ ಕೊಟ್ಟದ್ದು ಅಂದರೆ ಕಣ್ಣು ಮುಚ್ಚಿ ಡೆಮೊ ಕೇಳೋದು. ಹೆಜ್ಜೆ ಸದ್ದಿನಿಂದ ಎಷ್ಟು ಜನ ಬರುತ್ತಿದ್ದಾರೆ ಅಂತ ಊಹಿಸಿ, ಆಮೇಲೆ ಕಣ್ಣು ಬಿಟ್ಟು ನೋಡೋದು. ಈಗ 10ರಲ್ಲಿ 7 ಸಲ ಸರಿ ಹೇಳುತ್ತೇನೆ.

ಮೊದಲು ಸಿಕ್ಕಿದ ಟೀಮ್ ಎರಡು ತಿಂಗಳು ಸಂಬಳ ಕೊಡಲಿಲ್ಲ, ಆಮೇಲೆ ಮುಚ್ಚಿಹೋಯಿತು. ಒಂದು ಟೂರ್ನಿಯಲ್ಲಿ ಎರಡನೇ ಸ್ಥಾನ ಬಂದಿದ್ದೆವು, ಆ ಬಹುಮಾನದಲ್ಲಿ ನನ್ನ ಪಾಲು ಬಂದದ್ದು 7 ತಿಂಗಳ ನಂತರ, ಅದೂ ಕಡಿತವಾಗಿ. ತಪ್ಪು ನನ್ನದೂ ಇತ್ತು, ಕರಾರು ಓದದೆ ಸಹಿ ಹಾಕಿದ್ದೆ. ಆ ಇಡೀ ವರ್ಷ ಆಟದಿಂದ ಬಂದದ್ದು ಹಳೆಯ ಸಂಬಳದ ಒಂದೂವರೆ ತಿಂಗಳಷ್ಟು. ಅದಕ್ಕೇ ಈಗಿನ ಕರಾರಿನಲ್ಲಿ ಮೂರು ಸಾಲು ಹಟ ಹಿಡಿದು ಬರೆಸಿದೆ. ಬಹುಮಾನದಲ್ಲಿ ನನ್ನ ಪಾಲು ಶೇಕಡ ಎಷ್ಟು, ಎಷ್ಟು ದಿನದೊಳಗೆ ಕೊಡಬೇಕು, ಎರಡು ತಿಂಗಳು ಸಂಬಳ ತಪ್ಪಿದರೆ ಬಿಡುಗಡೆ ಹಣ ಕೇಳದೆ ನನ್ನನ್ನು ಬಿಡಬೇಕು.

ಈಗಿನ ಟೀಮ್‌ಗೆ ನಾನು ಕ್ಲಿಪ್ ಕಳಿಸಲೇ ಇಲ್ಲ. ಆ ನೋಟ್‌ಬುಕ್‌ನ ಫೋಟೊ ಕಳಿಸಿದೆ, ಜೊತೆಗೆ ಅವರದೇ ಸೋತ ನಾಲ್ಕು ರೌಂಡ್‌ಗಳ ಟೈಮ್‌. ಟ್ರಯಲ್ ಮಿರಾಜ್‌ನಲ್ಲಿ. 12-11, ಬಿ ಸೈಟ್‌ನಲ್ಲಿ ನಾನೊಬ್ಬನೇ, ನಾಲ್ಕು ಜನ ಬಂದರು. ಇಬ್ಬರನ್ನು ಹೊಡೆದೆ, ಉಳಿದವರನ್ನು ಮೊಲಟೊವ್‌ನಿಂದ ಬಾಗಿಲಲ್ಲೇ ನಿಲ್ಲಿಸಿದೆ, ಅಷ್ಟರಲ್ಲಿ ನಮ್ಮವರು ಬಂದರು. ಇಡೀ ಮ್ಯಾಚ್‌ನಲ್ಲಿ ನನ್ನದು 10 ಕಿಲ್ ಇರಬಹುದು. ಮ್ಯಾಚ್ ಮುಗಿದು 5 ನಿಮಿಷದಲ್ಲಿ ಕ್ಯಾಪ್ಟನ್ ಕರೆ ಮಾಡಿದ.

ಈಗ ನ್ಯೂಕ್ ರ‍್ಯಾಂಪ್ ಹಿಂದೆ ಬಿದ್ದಿದ್ದೇನೆ. ಅಲ್ಲಿ ಇನ್ನೂ 11 ಸೆಕೆಂಡ್ ದಾಟಿಲ್ಲ.