ಆ ನೀಲಿ ಹರಳು ಕ್ಯಾವನ್ಸೈಟೇ? ಹೀಗೆ ಪತ್ತೆ ಮಾಡಿ

ಹರಳು ಸಂಗ್ರಹಿಸುವವರ ಕಪಾಟಿನಲ್ಲಿ ಕ್ಯಾವನ್ಸೈಟ್ ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಿಳಿ ಕಲ್ಲಿನ ಮೇಲೆ ಕೂತ ಉಜ್ವಲ ನೀಲಿ ಗುಚ್ಛ. ಇದು ಅಪರೂಪದ ಸಿಲಿಕೇಟ್ ಖನಿಜ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಜಗತ್ತಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಸಿಗುತ್ತದೆ. ಅದರಲ್ಲೂ ಒಳ್ಳೆಯ ಮಾದರಿಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಕಡೆಯವು: ಪುಣೆ ಪಕ್ಕದ ವಾಘೋಲಿ.

ಬಣ್ಣ ಇಷ್ಟು ಚೆಂದ ಇದ್ದಾಗ ಜನ ಬಣ್ಣ ನೋಡಿಯೇ ಕೊಳ್ಳುತ್ತಾರೆ. ಮೋಸ ಹೋಗುವುದೂ ಅಲ್ಲೇ. ಬಣ್ಣ ಹಚ್ಚಿದ ಬೇರೆ ಖನಿಜ, ಅಂಟು ಹಾಕಿ ಕೂರಿಸಿದ ಗುಚ್ಛ, ಬೇರೆಯದೇ ನೀಲಿ ಕಲ್ಲು, ಎಲ್ಲವೂ ಮಾರುಕಟ್ಟೆಯಲ್ಲಿವೆ. ನನ್ನ ಸಲಹೆ ಒಂದೇ. ಬಣ್ಣವನ್ನು ಕೊನೆಗಿಡಿ. ಮೊದಲು ಹರಳು ಎಲ್ಲಿಯದು, ಯಾರ ಜೊತೆ ಕೂತಿದೆ, ಹೇಗೆ ಬೆಳೆದಿದೆ ಎಂದು ನೋಡಿ.

ಬೇಕಾಗುವ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ಎಲ್ಇಡಿ ಟಾರ್ಚ್, ನೋಟು ಪರೀಕ್ಷಿಸುವ ಯುವಿ ಟಾರ್ಚ್, ಸೂಜಿ, ಒಂದು ಪೋಲರಾಯ್ಡ್ ತಂಪು ಕನ್ನಡಕ, ಸ್ವಲ್ಪ ಹತ್ತಿ.

ಹಂತ 1: ಊರು ಕೇಳಿ

ಕ್ಯಾವನ್ಸೈಟ್ ಮೊದಲು ಸಿಕ್ಕಿದ್ದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಒವೈಹೀ ಅಣೆಕಟ್ಟಿನ ಹತ್ತಿರ. ಅದು 1967ರ ಮಾತು. ಸ್ಟೇಪಲ್ಸ್, ಇವಾನ್ಸ್ ಮತ್ತು ಲಿಂಡ್ಸೆ ಎಂಬ ವಿಜ್ಞಾನಿಗಳು ಅದನ್ನು 1973ರಲ್ಲಿ ಹೊಸ ಖನಿಜ ಎಂದು ವಿವರಿಸಿದರು. ಆರೆಗಾನ್‌ನಲ್ಲಿ ಸಿಗುವ ಹರಳುಗಳು ತೀರಾ ಸಣ್ಣವು. ಹಾಗಾಗಿ ಬಹಳ ವರ್ಷ ಇದು ತಜ್ಞರಿಗೆ ಮಾತ್ರ ಗೊತ್ತಿತ್ತು. 1980ರ ದಶಕದ ಕೊನೆಯಲ್ಲಿ ವಾಘೋಲಿಯ ಜಲ್ಲಿ ಕ್ವಾರಿಗಳಿಂದ ದೊಡ್ಡ, ಹೊಳೆಯುವ ಗುಚ್ಛಗಳು ಹೊರಬರತೊಡಗಿದವು. ಆಮೇಲೆ ಸಂಗ್ರಹಕಾರರ ಲೋಕದಲ್ಲಿ ಪುಣೆಯ ಹೆಸರೇ ಹೆಸರು.

ವಾಘೋಲಿ ನಿಂತಿರುವುದು ದಖ್ಖನ್ ಲಾವಾದ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಕರಿಕಲ್ಲು ಅದು, ಹೆಸರು ಬಸಾಲ್ಟ್. ಅದೇ ಲಾವಾ ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಗೂ ಚಾಚಿದೆ. ಅಲ್ಲಿನ ಎರೆಮಣ್ಣು ಆ ಕಲ್ಲು ಸವೆದು ಆದದ್ದು. ಗೋಳಗುಮ್ಮಟ ಕಟ್ಟಿರುವುದೂ ಇದೇ ಕಲ್ಲಿನಿಂದ. ಆದರೆ ಬಸಾಲ್ಟ್ ಇದ್ದಲ್ಲೆಲ್ಲ ಕ್ಯಾವನ್ಸೈಟ್ ಇರುವುದಿಲ್ಲ. ಅದಕ್ಕೆ ವನೇಡಿಯಂ ಎಂಬ ಲೋಹ ಬೇಕು, ಬಿಸಿನೀರು ಓಡಾಡಿದ ಬಿರುಕು ಮತ್ತು ಪೊಳ್ಳು ಬೇಕು, ಅದೂ ಸರಿಯಾದ ಹೊತ್ತಿನಲ್ಲಿ ಕೂಡಿಬರಬೇಕು. ವಾಘೋಲಿಯಲ್ಲೂ ಕ್ವಾರಿಯ ಎಲ್ಲ ಮೂಲೆಗಳಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಮಾರುವವರು ‘ಎಲ್ಲೋ ಹಿಮಾಲಯದ್ದು’ ಎಂದರೆ ಅಲ್ಲೇ ಅನುಮಾನ ಶುರುವಾಗಲಿ.

ಹಂತ 2: ಅಕ್ಕಪಕ್ಕ ನೋಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ಹರಳನ್ನು ಬಿಟ್ಟು ಅದು ಕೂತ ಕಲ್ಲನ್ನು ನೋಡಿ.

ವಾಘೋಲಿಯ ಮಾದರಿಯಲ್ಲಿ ತಳಕ್ಕೆ ಸಾಮಾನ್ಯವಾಗಿ ಸ್ಟಿಲ್ಬೈಟ್ ಇರುತ್ತದೆ. ಬಿಳಿ, ಕೆನೆ ಇಲ್ಲವೇ ತಿಳಿ ಗುಲಾಬಿ ಬಣ್ಣ. ಮುತ್ತಿನ ಹೊಳಪು. ಹರಳುಗಳು ನಡುವೆ ಕಟ್ಟಿ ಎರಡೂ ತುದಿ ಬಿಚ್ಚಿಕೊಂಡ ಕಟ್ಟುಗಳಾಗಿ ಬೆಳೆದಿರುತ್ತವೆ. ಜೊತೆಗೆ ಹ್ಯೂಲಾಂಡೈಟ್, ಕ್ಯಾಲ್ಸೈಟ್, ಗಾಜಿನಂಥ ಅಪೋಫಿಲೈಟ್ ಕೂಡ ಇರಬಹುದು. ನೀಲಿ ಗುಚ್ಛ ಸ್ಟಿಲ್ಬೈಟ್ ಮೇಲೆ ಕೂತಿದ್ದರೆ ಅರ್ಥ ಸರಳ: ಸ್ಟಿಲ್ಬೈಟ್ ಮೊದಲು ಬೆಳೆಯಿತು, ಕ್ಯಾವನ್ಸೈಟ್ ಆಮೇಲೆ ಬಂತು.

ಈಗ ಲೂಪ್ ಹಿಡಿದು ಗುಚ್ಛದ ಬುಡಕ್ಕೆ ಹೋಗಿ. ನಿಜವಾಗಿ ಬೆಳೆದದ್ದಾದರೆ ನೀಲಿ ಸೂಜಿಗಳ ಬುಡ ಬಿಳಿ ಹರಳುಗಳ ಸಂದಿಯಲ್ಲಿ ಹೂತುಕೊಂಡಿರುತ್ತದೆ. ಕೆಲವು ಕಡೆ ಬಿಡಿ ನೀಲಿ ಹರಳುಗಳು ಸುತ್ತಲೂ ಚೆಲ್ಲಿರುತ್ತವೆ. ಅಂಟಿಸಿದ್ದಾದರೆ ಬುಡದ ಸುತ್ತ ಒಂದು ಮಿರುಗುವ ಗೆರೆ ಕಾಣುತ್ತದೆ, ಒಳಗೆ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಕೋಣೆ ಕತ್ತಲೆ ಮಾಡಿ ಯುವಿ ಟಾರ್ಚ್ ಬಿಡಿ. ಅನೇಕ ಅಂಟುಗಳು ನೀಲಿ-ಬಿಳಿಯಾಗಿ ಬೆಳಗುತ್ತವೆ. ಕ್ಯಾಲ್ಸೈಟ್ ಕೂಡ ಬೆಳಗಬಹುದು, ಆದ್ದರಿಂದ ಗಡಿಬಿಡಿ ಬೇಡ. ಬೆಳಕು ಗುಚ್ಛದ ಬುಡದ ಸುತ್ತ ಮಾತ್ರ ಉಂಗುರವಾಗಿ ಕಂಡರೆ ಅದು ಅಂಟು. ಕ್ಯಾವನ್ಸೈಟ್ ಕಲ್ಲಿನಿಂದ ಸುಲಭವಾಗಿ ಉದುರುತ್ತದೆ. ಉದುರಿದ ಅಸಲಿ ಗುಚ್ಛವನ್ನೇ ಅಂಟಿಸಿ ಮಾರುವುದೂ ಉಂಟು. ಹರಳು ಅಸಲಿಯೇ, ಆದರೆ ಆ ವಿಷಯ ಕೊಳ್ಳುವವರಿಗೆ ಹೇಳಲೇಬೇಕು. ಹೇಳದೆ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ.

ಬಣ್ಣ ಹಚ್ಚಿದ್ದೇ ಎಂಬ ಅನುಮಾನವಿದ್ದರೆ ಹತ್ತಿಯನ್ನು ನೇಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿ ಒಂದು ಮೂಲೆಗೆ ಒತ್ತಿ. ಹತ್ತಿಗೆ ನೀಲಿ ಹತ್ತಿದರೆ ಅದು ಹಚ್ಚಿದ ಬಣ್ಣ. ಒಕೆನೈಟ್ ಎಂಬ ಬಿಳಿ, ಹತ್ತಿಯುಂಡೆಯಂಥ ಖನಿಜಕ್ಕೆ ನೀಲಿ ಬಣ್ಣ ಹಾಕಿ ಮಾರುತ್ತಾರೆ. ಅದೂ ದಖ್ಖನ್ ಲಾವಾದ್ದೇ, ಹಾಗಾಗಿ ಗೊಂದಲ ಜಾಸ್ತಿ. ಬಣ್ಣ ಹಾಕಿದ್ದಾದರೆ ತಳದ ಕಲ್ಲಿನ ಬಿರುಕುಗಳಿಗೂ ನೀಲಿ ಇಳಿದಿರುತ್ತದೆ.

ಹಂತ 3: ಆಕಾರ ನೋಡಿ

ಕ್ಯಾವನ್ಸೈಟ್ ಗುಚ್ಛ ದೂರದಿಂದ ನಾಚಿಕೆ ಮುಳ್ಳಿನ ಹೂವಿನಂತೆ ಕಾಣುತ್ತದೆ. ಒಂದೇ ಕೇಂದ್ರದಿಂದ ಎಲ್ಲ ದಿಕ್ಕಿಗೂ ಚಾಚಿದ ಸಣ್ಣ ಹರಳುಗಳು. ಸಾಮಾನ್ಯವಾಗಿ ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರ್ ಅಗಲ. ಲೂಪ್‌ನಲ್ಲಿ ನೋಡಿದರೆ ಪ್ರತಿ ಹರಳಿಗೂ ಚಪ್ಪಟೆ ಮುಖಗಳು, ಗಾಜಿನ ಹೊಳಪು, ಚೂಪು ತುದಿ.

ಇಲ್ಲಿ ಒಂದು ತೊಡಕು ಇದೆ. ಪೆಂಟಗೊನೈಟ್ ಎಂಬ ಇನ್ನೊಂದು ಖನಿಜಕ್ಕೂ ಇದೇ ನೀಲಿ, ಇದೇ ರಾಸಾಯನಿಕ ಸೂತ್ರ. ಒಂದು ಪರಮಾಣುವೂ ಹೆಚ್ಚುಕಡಿಮೆ ಇಲ್ಲ. ಜೋಡಣೆ ಮಾತ್ರ ಬೇರೆ. ಅದೂ ವಾಘೋಲಿಯಲ್ಲಿ ಸಿಗುತ್ತದೆ, ಅದನ್ನೂ 1973ರಲ್ಲೇ, ಕ್ಯಾವನ್ಸೈಟ್ ಜೊತೆಗೇ ವಿವರಿಸಿದರು. ಪೆಂಟಗೊನೈಟ್ ಹರಳುಗಳು ಉದ್ದ, ಚಪ್ಪಟೆ, ಅಲಗಿನಂತೆ. ಗುಂಡಗಿನ ಗುಚ್ಛಕ್ಕಿಂತ ಬಿಡಿಬಿಡಿಯಾಗಿ ಚಾಚಿದ ಕಡ್ಡಿಗಳೇ ಹೆಚ್ಚು. ಐದು ಹರಳುಗಳು ಒಂದಕ್ಕೊಂದು ಅಂಟಿ ಅವಳಿಯಾಗಿ ಬೆಳೆಯುವುದು ಅದರ ಗುರುತು. ಕಡ್ಡಿಯ ತುದಿಯನ್ನು ನೇರವಾಗಿ ಲೂಪ್‌ಗೆ ತಿರುಗಿಸಿ. ಐದು ಮೂಲೆಯ ನಕ್ಷತ್ರ ಕಂಡರೆ ಅದು ಪೆಂಟಗೊನೈಟ್. ಅದು ಕ್ಯಾವನ್ಸೈಟ್‌ಗಿಂತಲೂ ಅಪರೂಪ.

ಹಂತ 4: ಸಣ್ಣ ಪರೀಕ್ಷೆಗಳು

ಇವನ್ನೆಲ್ಲ ಉದುರಿದ ಚೂರಿನ ಮೇಲೆ ಮಾತ್ರ ಮಾಡಿ. ಸುಮ್ನೆ ಒಳ್ಳೆಯ ಗುಚ್ಛ ಹಾಳು ಮಾಡಬೇಡಿ.

ಗಡಸುತನ ಮೊಹ್ಸ್ ಅಳತೆಯಲ್ಲಿ (1 ಅತಿ ಮೆದು, 10 ಅತಿ ಗಡಸು) 3ರಿಂದ 4. ಉಗುರಿಗೆ ಗೀರು ಬೀಳುವುದಿಲ್ಲ, ಉಕ್ಕಿನ ಸೂಜಿಗೆ ಸುಲಭವಾಗಿ ಬೀಳುತ್ತದೆ. ಪೆಡಸು ಖನಿಜ, ಒತ್ತಿದರೆ ಪುಡಿಯಾಗುತ್ತದೆ. ಪುಡಿಯ ಬಣ್ಣ ನೀಲಿ ಛಾಯೆಯ ಬಿಳಿ. ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) 2.2ರಿಂದ 2.3, ಅಂದರೆ ಬೆಣಚುಕಲ್ಲಿಗಿಂತ ಹಗುರ. ಆದರೆ ಕಲ್ಲಿಗಂಟಿದ ಗುಚ್ಛವನ್ನು ತೂಗಿ ಇದನ್ನು ಕಂಡುಹಿಡಿಯಲಾಗದು, ತಳದ ಕಲ್ಲಿನ ತೂಕವೂ ಸೇರುತ್ತದಲ್ಲ.

ಗೊಂದಲ ಹುಟ್ಟಿಸುವ ನೀಲಿಗಳಲ್ಲಿ ಅಜುರೈಟ್ ಒಂದು. ಅದು ತಾಮ್ರದ ಕಾರ್ಬೊನೇಟ್, ಸಾಂದ್ರತೆ 3.8ರ ಹತ್ತಿರ, ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ನೊರೆ ಬರುತ್ತದೆ. ಆಮ್ಲವನ್ನು ಪೂರ್ತಿ ಮಾದರಿಯ ಮೇಲೆ ಹಾಕಬೇಡಿ. ಪಕ್ಕದ ಕ್ಯಾಲ್ಸೈಟ್ ಕೂಡ ನೊರೆ ಬಿಟ್ಟು ಕರಗಿಹೋಗುತ್ತದೆ.

ಇನ್ನೊಂದು ನಮ್ಮ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಸುಣ್ಣದ ಜೊತೆ ಬೆರೆಸುತ್ತಾರಲ್ಲ, ಅದೇ ತಾಮ್ರದ ಸಲ್ಫೇಟ್. ಅದರ ಹರಳುಗಳನ್ನು ಮನೆಯಲ್ಲೇ ಬೆಳೆಸಬಹುದು. ಹಾಗೆ ಬೆಳೆಸಿ ಕಲ್ಲಿಗೆ ಅಂಟಿಸಿ ‘ನೈಸರ್ಗಿಕ’ ಎಂದು ಮಾರುವವರಿದ್ದಾರೆ. ಸಾಂದ್ರತೆ 2.28, ಕ್ಯಾವನ್ಸೈಟ್‌ನಷ್ಟೇ. ಹಾಗಾಗಿ ತೂಗಿ ಪ್ರಯೋಜನವಿಲ್ಲ. ಒಂದು ಚೂರನ್ನು ಲೋಟದ ನೀರಿಗೆ ಹಾಕಿ. ಮೈಲುತುತ್ತ ಕರಗಿ ನೀರು ನೀಲಿಯಾಗುತ್ತದೆ. ಕ್ಯಾವನ್ಸೈಟ್ ಹಾಗೇ ಕೂತಿರುತ್ತದೆ. ಮೈಲುತುತ್ತ ವಿಷ. ನೀಲಿ ಹರಳನ್ನು ಯಾವತ್ತೂ ನಾಲಿಗೆಗೆ ತಾಗಿಸಿ ನೋಡಬೇಡಿ, ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಬೇರೆ. ಒಂದು ತೆಳ್ಳಗಿನ ಬಿಡಿ ಹರಳನ್ನು ಗಾಜಿನ ಮೇಲಿಡಿ. ಕೆಳಗಿನಿಂದ ಟಾರ್ಚ್ ಬಿಡಿ. ಹರಳಿಗೂ ಟಾರ್ಚಿಗೂ ನಡುವೆ ಪೋಲರಾಯ್ಡ್ ಕನ್ನಡಕದ ಗಾಜು ಹಿಡಿದು ನಿಧಾನವಾಗಿ ತಿರುಗಿಸಿ, ಮೇಲಿನಿಂದ ಲೂಪ್‌ನಲ್ಲಿ ನೋಡಿ. ಹರಳು ಸರಿಯಾದ ಬದಿಗೆ ಮಲಗಿದ್ದರೆ ಒಂದು ಕೋನದಲ್ಲಿ ಗಾಢ ನೀಲಿ. ಕಾಲು ಸುತ್ತು ತಿರುಗಿಸಿದರೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ! ಹರಳು ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಜೋರಾಗಿ ಹೀರುತ್ತದೆ, ಉಳಿದ ದಿಕ್ಕುಗಳಲ್ಲಿ ಬಿಟ್ಟುಬಿಡುತ್ತದೆ. ಬಣ್ಣ ಹಚ್ಚಿದ ಒಕೆನೈಟ್ ಹೀಗೆ ಆಟ ತೋರಿಸುವುದಿಲ್ಲ. ಈ ನೀಲಿಗೆ ಕಾರಣ ನಾಲ್ಕು ಧನ ವಿದ್ಯುದಂಶವಿರುವ ವನೇಡಿಯಂ. ಅದು ಹರಳಿನ ರಚನೆಯ ಒಳಗೇ ಕೂತಿದೆ, ಅದಕ್ಕೇ ಬಣ್ಣ ಕೂಡ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ.

ಹಂತ 5: ಕುಟುಂಬ ಹುಡುಕಿ

ಗುರುತು ಸಿಕ್ಕಿತು. ಇನ್ನು ವರ್ಗೀಕರಣ. ಇದಕ್ಕೆ ಶಾಲೆಯ ಲೆಕ್ಕ ಸಾಕು, ಹೆದರಬೇಡಿ.

ಎಲ್ಲ ಸಿಲಿಕೇಟ್‌ಗಳ ಇಟ್ಟಿಗೆ ಒಂದೇ: ನಡುವೆ ಒಂದು ಸಿಲಿಕಾನ್, ಸುತ್ತ ನಾಲ್ಕು ಮೂಲೆಗಳಲ್ಲಿ ನಾಲ್ಕು ಆಮ್ಲಜನಕ. ಈ ಇಟ್ಟಿಗೆಗಳು ಮೂಲೆಯ ಆಮ್ಲಜನಕವನ್ನು ಎಷ್ಟು ಹಂಚಿಕೊಳ್ಳುತ್ತವೆ ಎಂಬುದರ ಮೇಲೆ ಕುಟುಂಬ ನಿರ್ಧಾರವಾಗುತ್ತದೆ. ಯಾವುದೂ ಹಂಚದಿದ್ದರೆ ಬಿಡಿ ಇಟ್ಟಿಗೆ, ಗಾರ್ನೆಟ್ ಹಾಗೆ. ಎರಡೆರಡು ಹಂಚಿದರೆ ಸರಪಳಿ ಅಥವಾ ಉಂಗುರ, ಪೈರಾಕ್ಸಿನ್ ಮತ್ತು ಬೆರಿಲ್ ಹಾಗೆ. ಮೂರು ಹಂಚಿದರೆ ಹಾಳೆ, ಕಾಗೆಬಂಗಾರ ಹಾಗೆ. ನಾಲ್ಕೂ ಹಂಚಿದರೆ ಮೂರೂ ದಿಕ್ಕಿಗೆ ಹಬ್ಬಿದ ಚೌಕಟ್ಟು, ಬೆಣಚುಕಲ್ಲು ಹಾಗೆ.

ಈಗ ಕ್ಯಾವನ್ಸೈಟ್‌ನ ಸೂತ್ರ ತೆಗೆದುಕೊಳ್ಳಿ. ಒಂದು ಕ್ಯಾಲ್ಸಿಯಂ. ಒಂದು ವನೇಡಿಯಂ, ಅದರದ್ದೇ ಸ್ವಂತ ಆಮ್ಲಜನಕ ಒಂದು. ನಾಲ್ಕು ಸಿಲಿಕಾನ್‌ಗೆ ಹತ್ತು ಆಮ್ಲಜನಕ. ಕೊನೆಗೆ ನಾಲ್ಕು ನೀರಿನ ಅಣು. ವನೇಡಿಯಂನ ಆಮ್ಲಜನಕ ಮತ್ತು ನೀರನ್ನು ಪಕ್ಕಕ್ಕಿಡಿ. ಉಳಿದದ್ದು 4ಕ್ಕೆ 10, ಅಂದರೆ ಒಂದು ಸಿಲಿಕಾನ್‌ಗೆ ಎರಡೂವರೆ ಆಮ್ಲಜನಕ. ಮೂರು ಮೂಲೆ ಹಂಚಿದಾಗ ಅರ್ಧರ್ಧ ಸೇರಿ ಒಂದೂವರೆ, ಹಂಚದ ಒಂದು ಮೂಲೆ ಪೂರ್ತಿ. ಒಟ್ಟು ಎರಡೂವರೆ. ಹಾಗಾದರೆ ಕ್ಯಾವನ್ಸೈಟ್ ಹಾಳೆ ಸಿಲಿಕೇಟ್. ಖನಿಜಗಳನ್ನು ವರ್ಗೀಕರಿಸುವ ಸ್ಟ್ರುನ್ಜ್ ಪಟ್ಟಿಯಲ್ಲಿ ಅದರ ಸ್ಥಾನ 9.ಇಎ.50, ಪೆಂಟಗೊನೈಟ್‌ನದು 9.ಇಎ.55. ಇಲ್ಲಿ 9 ಎಂದರೆ ಸಿಲಿಕೇಟ್, ಇ ಎಂದರೆ ಹಾಳೆ.

ಹಾಳೆ ಅಂದಮೇಲೆ ಕಾಗೆಬಂಗಾರದ ಹಾಗೆ ಸಿಪ್ಪೆ ಸುಲಿಯಬೇಕಲ್ವಾ? ಸುಲಿಯುವುದಿಲ್ಲ. ಕಾಗೆಬಂಗಾರದಲ್ಲಿ ಪದರಗಳ ನಡುವೆ ಪೊಟ್ಯಾಸಿಯಂನ ಸಡಿಲ ಹಿಡಿತ ಮಾತ್ರ. ಇಲ್ಲಿ ಹಾಳೆಯ ಹಂಚದ ಮೂಲೆಗಳು ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಮುಖ ಮಾಡಿವೆ. ವನೇಡಿಯಂನ ಚೌಕ ಬುಡದ ಗೋಪುರಗಳು ಅವನ್ನು ಹಿಡಿದು ಒಂದು ಹಾಳೆಯನ್ನು ಇನ್ನೊಂದಕ್ಕೆ ಬಿಗಿದಿವೆ. ನಡುವೆ ಉಳಿದ ಜಾಗದಲ್ಲಿ ಕ್ಯಾಲ್ಸಿಯಂ ಮತ್ತು ನೀರು. ತೂಕದಲ್ಲಿ ಸುಮಾರು 16 ಭಾಗ ನೀರೇ, ನೂರಕ್ಕೆ. ಹಾಗಾಗಿ ಬಿಸಿ ಮಾಡಿದರೆ ನೀರು ಹೋಗುತ್ತದೆ, ರಚನೆ ಕೆಡುತ್ತದೆ.

ಕ್ಯಾವನ್ಸೈಟ್‌ಗೂ ಪೆಂಟಗೊನೈಟ್‌ಗೂ ವ್ಯತ್ಯಾಸ ಈ ಹಾಳೆಯಲ್ಲೇ ಇದೆ. ಕ್ಯಾವನ್ಸೈಟ್ ಹಾಳೆಯಲ್ಲಿ ನಾಲ್ಕು ಇಟ್ಟಿಗೆಯ ಮತ್ತು ಎಂಟು ಇಟ್ಟಿಗೆಯ ಉಂಗುರಗಳು ಬೆರೆತಿವೆ. ಪೆಂಟಗೊನೈಟ್‌ನಲ್ಲಿ ಆರು ಇಟ್ಟಿಗೆಯ ಉಂಗುರಗಳು. ಎರಡೂ ಆರ್ಥೊರಾಂಬಿಕ್ (ಉದ್ದ ಬೇರೆಬೇರೆಯಾದ ಮೂರು ಅಕ್ಷಗಳು ಒಂದಕ್ಕೊಂದು ಲಂಬವಾಗಿರುವ) ಹರಳುಗಳೇ, ಸಮಮಿತಿ ಮಾತ್ರ ಬೇರೆ.

ಅಂಗಡಿಯವರು ಇದನ್ನು ಜಿಯೋಲೈಟ್ ಎಂದು ಕರೆಯುವುದು ಸಾಮಾನ್ಯ. ಅದು ಸರಿಯಲ್ಲ. ಜಿಯೋಲೈಟ್ ಎಂದರೆ ಚೌಕಟ್ಟು ಸಿಲಿಕೇಟ್. ಜೊತೆಗಿರುವ ಸ್ಟಿಲ್ಬೈಟ್ ಜಿಯೋಲೈಟ್ ಹೌದು. ಅದರ ಸೂತ್ರದಲ್ಲಿ ಸಿಲಿಕಾನ್ ಜೊತೆ ಅಲ್ಯೂಮಿನಿಯಂ ಕೂಡ ಇಟ್ಟಿಗೆಯ ನಡುವೆ ಕೂರುತ್ತದೆ, ಎರಡನ್ನೂ ಕೂಡಿ ಎಣಿಸಿದರೆ ಒಂದಕ್ಕೆ ಎರಡು ಆಮ್ಲಜನಕ ಬರುತ್ತದೆ. ಆದರೆ ಅದೇ ಪೊಳ್ಳಿನಲ್ಲಿರುವ ಅಪೋಫಿಲೈಟ್ ಕ್ಯಾವನ್ಸೈಟ್‌ನಂತೆ ಹಾಳೆ ಸಿಲಿಕೇಟ್. ಅದರ ಹಾಳೆಯಲ್ಲೂ ನಾಲ್ಕು ಮತ್ತು ಎಂಟರ ಉಂಗುರಗಳೇ. ಒಂದೇ ಕಲ್ಲಿನ ಮೇಲೆ ಮೈಗೆ ಮೈ ತಾಗಿಸಿ ಕೂತ ಸ್ಟಿಲ್ಬೈಟ್ ಬೇರೆ ಕುಟುಂಬ. ಬಣ್ಣ, ಆಕಾರ ಎರಡರಲ್ಲೂ ಹೋಲದ ಅಪೋಫಿಲೈಟ್ ಕ್ಯಾವನ್ಸೈಟ್‌ನ ಸ್ವಂತ ಬಳಗ. ಇದನ್ನು ಕಣ್ಣು ಹೇಳುವುದಿಲ್ಲ, ಆಮ್ಲಜನಕದ ಲೆಕ್ಕ ಹೇಳುತ್ತದೆ.

ಹಂತ 6: ಖಚಿತ ಮಾಡಿ, ಚೀಟಿ ಬರೆಯಿರಿ

ಆಮೇಲೂ ಅನುಮಾನ ಉಳಿದರೆ, ಮುಖ್ಯವಾಗಿ ಕ್ಯಾವನ್ಸೈಟೋ ಪೆಂಟಗೊನೈಟೋ ಎಂಬಲ್ಲಿ, ಪರಮಾಣುಗಳ ಜೋಡಣೆಯನ್ನು ಪತ್ತೆ ಮಾಡುವ ಎಕ್ಸ್-ರೇ ವಿವರ್ತನೆ ಅಥವಾ ಲೇಸರ್ ಬೆಳಕಿನ ರಾಮನ್ ಪರೀಕ್ಷೆಯೇ ದಾರಿ. ಸೂತ್ರ ಒಂದೇ ಆದ್ದರಿಂದ ರಾಸಾಯನಿಕ ವಿಶ್ಲೇಷಣೆ ಈ ಜಗಳ ಬಗೆಹರಿಸುವುದಿಲ್ಲ. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ವಿಚಾರಿಸಿ. ಅಸಲಿ ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿರುವ ಗಾರಗೋಟಿ ಸಂಗ್ರಹಾಲಯಕ್ಕೆ ಹೋಗಿ. ದಖ್ಖನ್ ಲಾವಾದ ಹರಳುಗಳಿಗೇ ಹೆಸರಾದ ಜಾಗ ಅದು. ಕ್ವಾರಿಗೆ ಅನುಮತಿಯಿಲ್ಲದೆ ಕಾಲಿಡಬೇಡಿ, ಅಲ್ಲಿ ಸಿಡಿಮದ್ದು ಹಾರಿಸುತ್ತಾರೆ.

ಮನೆಗೆ ತಂದ ಮಾದರಿಯ ದೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ವಿನೆಗರ್, ನಿಂಬೆರಸ, ಕಾದ ನೀರು ಬೇಡ. ಮುಚ್ಚಳವಿರುವ ಡಬ್ಬಿಯಲ್ಲಿಡಿ. ಜೊತೆಗೆ ಒಂದು ಚೀಟಿ: ಖನಿಜದ ಹೆಸರು, ಜೊತೆಯಲ್ಲಿರುವ ಖನಿಜಗಳು, ಸಿಕ್ಕ ಜಾಗ, ಕೊಂಡ ವರ್ಷ, ಅಂಟು ಹಾಕಿದ್ದರೆ ಅದೂ. ‘ಪುಣೆ’ ಎಂದಷ್ಟೇ ಬರೆಯಬೇಡಿ. ‘ವಾಘೋಲಿ, ಪುಣೆ ಜಿಲ್ಲೆ, ಮಹಾರಾಷ್ಟ್ರ’ ಎಂದು ಪೂರ್ತಿ ಬರೆಯಿರಿ. ಯಾವ ಕ್ವಾರಿ ಎಂದು ಗೊತ್ತಿದ್ದರೆ ಅದನ್ನೂ ಸೇರಿಸಿ. ನಗರ ಬೆಳೆದಂತೆ ಕ್ವಾರಿಗಳು ಮುಚ್ಚುತ್ತವೆ, ಆಮೇಲೆ ಆ ವಿವರ ಬೇರೆಲ್ಲೂ ಸಿಗುವುದಿಲ್ಲ.