ಮಾಸಲು ಹಾಳೆ ಗೆದ್ದ ಬಗೆ: ಸ್ಕ್ರ್ಯಾಪ್‌ಬುಕ್ ಪುಟವಿನ್ಯಾಸದಲ್ಲಿ ನನ್ನ ಅನುಭವ

ಫೋಟೊಗಳನ್ನು ಅಂಟಿಸಿ ಅಲಂಕರಿಸುವ ಸ್ಕ್ರ್ಯಾಪ್‌ಬುಕ್ ಪುಟಕ್ಕೆ ಹಾಳೆ ಆರಿಸುವಾಗ ನಾನು ಫೋಟೊದಲ್ಲಿ ಹೆಚ್ಚು ಹರಡಿರುವ ಬಣ್ಣವನ್ನು ಬಿಟ್ಟು, ಎಲ್ಲಕ್ಕಿಂತ ಕಡಿಮೆ ಜಾಗ ಹಿಡಿದಿರುವ ಬಣ್ಣವನ್ನು ಹುಡುಕುತ್ತೇನೆ. ಅದನ್ನೂ ಇದ್ದ ಹಾಗೆಯೇ ತೆಗೆದುಕೊಳ್ಳದೆ, ಅದರ ಮಾಸಲು ಛಾಯೆಯನ್ನು ತಳಹಾಳೆಯಾಗಿ ಹಾಕುತ್ತೇನೆ. ಮೂರು ವರ್ಷಗಳ ಹಿಂದೆ ಜೊತೆಯ ಹವ್ಯಾಸಿಗಳಿಗೆ ಇದನ್ನು ಹೇಳಿದಾಗ, ಮಂಕು ಹಾಳೆಯ ಮೇಲೆ ಫೋಟೊಗಳೂ ಮಂಕಾಗುತ್ತವೆ ಎಂದು ನಕ್ಕವರೇ ಹೆಚ್ಚು. ಈಗ ಎರಡು ಆಲ್ಬಮ್‌ಗಳಲ್ಲಿ ಹೆಚ್ಚುಕಡಿಮೆ 90 ಪುಟಗಳು ಮುಗಿದಿವೆ, ಅಂದು ನಕ್ಕವರಲ್ಲಿ ಇಬ್ಬರು ತಮ್ಮ ಪುಟಗಳಿಗೆ ಹಾಳೆ ಆರಿಸಿಕೊಡಲು ನನ್ನನ್ನೇ ಕರೆಯುತ್ತಾರೆ.

ಮೊದಲ ವರ್ಷದಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಚಿತ್ತಾರದ ಹಾಳೆಗಳ ಕಟ್ಟುಗಳನ್ನು ಕಂಡಲ್ಲೆಲ್ಲ ಕೊಂಡೆ. ಕಾಗದಕ್ಕೆಂದು ತೆಗೆದಿರಿಸಿದ್ದ ಹಣದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. 48 ಹಾಳೆಗಳ ಒಂದು ಕಟ್ಟಿನಲ್ಲಿ ನಿಜವಾಗಿ ಬಳಕೆಗೆ ಬಂದವು ಹತ್ತೋ ಹನ್ನೊಂದೋ ಇರಬೇಕು. ಉಳಿದವು ಈಗಲೂ ಪೆಟ್ಟಿಗೆಯಲ್ಲಿವೆ, ಅವುಗಳ ಹಿಂಬದಿಯನ್ನು ಅಳತೆ ಬರೆದುಕೊಳ್ಳಲು ಬಳಸುತ್ತಿದ್ದೇನೆ. ಹಣ ಹೋದದ್ದಕ್ಕಿಂತ ಹೆಚ್ಚು ಉರಿಸಿದ್ದು ಸಮುದ್ರತೀರದ ಫೋಟೊಗಳ ಜೋಡಿಪುಟ. ಆಕಾಶಕ್ಕೂ ನೀರಿಗೂ ಹೊಂದುವಂತೆ ಗಾಢ ನೀಲಿ ಹಾಳೆಯನ್ನು ಹುಡುಕಿ ತಂದು, ಎರಡು ಸಂಜೆ ಕುಳಿತು ಅಂಟಿಸಿ ಮುಗಿಸಿದ ಮೇಲೆ ನೋಡಿದರೆ, ಫೋಟೊದ ಆಕಾಶ ತೊಳೆದು ಒಣಗಿಸಿದ ಬಟ್ಟೆಯಂತೆ ಬಿಳಿಚಿಕೊಂಡಿತ್ತು. ಮುದ್ರಣದಲ್ಲೇ ದೋಷವಿರಬೇಕೆಂದು ಮತ್ತೊಮ್ಮೆ ಪ್ರಿಂಟ್ ಹಾಕಿಸಿದೆ. ಹೊಸ ಪ್ರತಿ ಮೇಜಿನ ಮೇಲೆ ಚೆನ್ನಾಗಿಯೇ ಇದ್ದು, ಅದೇ ಹಾಳೆಯ ಮೇಲೆ ಇಟ್ಟೊಡನೆ ಬಿಳಿಚಿಕೊಂಡಾಗ ಕಳ್ಳ ಯಾರೆಂದು ತಿಳಿಯಿತು. ಪ್ಯಾರಿಸ್ಸಿನ ಗೋಬಲಿನ್ಸ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ಶೆವ್ರುಲ್, ಕಪ್ಪು ದಾರ ಸಪ್ಪೆಯಾಗಿ ಕಾಣುತ್ತದೆಂಬ ದೂರನ್ನು ಪರೀಕ್ಷಿಸಿ, ತಪ್ಪು ದಾರದ್ದಲ್ಲ, ಪಕ್ಕದ ಬಣ್ಣಗಳದ್ದು ಎಂದು 1839ರಷ್ಟು ಹಿಂದೆಯೇ ಬರೆದಿಟ್ಟಿದ್ದನಂತೆ. ನಾನು ಅದನ್ನು ಎರಡು ಸೆಟ್ ಪ್ರಿಂಟುಗಳ ಹಣ ತೆತ್ತು ಕಲಿತೆ.

ಆ ಫೋಟೊಗಳಲ್ಲಿ ಒಂದರ ಮೂಲೆಯಲ್ಲಿ ಹಳೆಯ ದೋಣಿಯೊಂದಿತ್ತು, ಅದರ ಅಂಚಿನಲ್ಲಿ ಬೆರಳಗಲದಷ್ಟು ಸಾಸಿವೆ ಬಣ್ಣ. ಕೈಯಲ್ಲಿದ್ದ ಚೂರುಗಳಲ್ಲಿ ಬೂದಿ ಬೆರೆತಂತಿದ್ದ ಸಾಸಿವೆ ಬಣ್ಣದ ಕಾರ್ಡ್‌ಸ್ಟಾಕ್ (ದಪ್ಪ ಹಾಳೆ) ಚೂರೊಂದನ್ನು ಸುಮ್ಮನೆ ಕೆಳಗೆ ಸರಿಸಿದೆ. ಆಕಾಶ ನೀಲಿಯಾಗಿ ಮರಳಿ ಬಂತು, ದೋಣಿ ಎದ್ದು ಕಂಡಿತು. ಅದೇ ಬಣ್ಣದ ಹೊಳೆಯುವ ಛಾಯೆಯನ್ನು ಇಟ್ಟಾಗ ಮಾತ್ರ ಕಣ್ಣು ಫೋಟೊವನ್ನು ಬಿಟ್ಟು ಹಾಳೆಯ ಮೇಲೆಯೇ ಓಡಾಡಿತು. ನನ್ನ ಪದ್ಧತಿ ಹುಟ್ಟಿದ್ದು ಆ ಅಂಗೈಯಗಲದ ಚೂರಿನಿಂದ.

ಆದರೂ ಮೊದಲ ಆರು ತಿಂಗಳು ಐದು ಪುಟಗಳಲ್ಲಿ ಎರಡು ಕೆಡುತ್ತಲೇ ಇದ್ದವು. ಬಣ್ಣ ಸರಿಯಾಗಿದ್ದರೂ ಪುಟ ಚಪ್ಪಟೆಯಾಗಿ ಕಾಣುತ್ತಿದ್ದುದಕ್ಕೆ ಕಾರಣ ಸಿಕ್ಕಿದ್ದು ಮೊಬೈಲಿನಲ್ಲಿ. ಅಂಟಿಸುವ ಮೊದಲು ಜೋಡಣೆಯ ಚಿತ್ರ ತೆಗೆದು, ಅದನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿದರೆ, ಕೆಟ್ಟ ಪುಟಗಳಲ್ಲೆಲ್ಲ ಹಾಳೆಯೂ ಫೋಟೊದ ಅಂಚೂ ಒಂದೇ ಬೂದುಬಣ್ಣಕ್ಕೆ ಕರಗಿಹೋಗಿದ್ದವು. ಅಂದಿನಿಂದ ಬಣ್ಣಕ್ಕೆ ಮೊದಲು ತಿಳಿ-ಕಡುಪನ್ನು ನೋಡುತ್ತೇನೆ. ಫೋಟೊಗಳು ಹೆಚ್ಚಾಗಿ ಕಡುವಾಗಿದ್ದರೆ ತಿಳಿ ಹಾಳೆ, ತಿಳಿಯಾಗಿದ್ದರೆ ಕಡು ಹಾಳೆ. ಎರಡೂ ಬೆರೆತಿದ್ದರೆ ನಡುವಿನ ಬೂದು ಹಾಳೆಯ ಮೇಲೆ 3 ಮಿಲಿಮೀಟರಿನಷ್ಟು ತೆಳುವಾದ ಬಿಳಿ ಮ್ಯಾಟ್, ಅಂದರೆ ಫೋಟೊದ ಸುತ್ತ ಕಾಣುವ ಕಾಗದದ ಅಂಚು. ಮ್ಯಾಟ್ ಒಂದು ಸೆಂಟಿಮೀಟರಿಗೆ ದಾಟಿದರೆ ಅದು ಚೌಕಟ್ಟಿನ ಗತ್ತು ತೋರಿಸತೊಡಗುತ್ತದೆ. ಪುಟಕ್ಕೊಂದು ಫೋಟೊಗೆ ಮಾತ್ರ ಆ ಗತ್ತು ಸಾಕು.

ನನ್ನ ಮಟ್ಟಿಗೆ ಅತಿ ದೊಡ್ಡ ಗೆಲುವೆಂದರೆ ಕೆಂಪಗೆ ತಿರುಗಿದ ಹಳೆಯ ಬಣ್ಣದ ಫೋಟೊಗಳದ್ದು. ಆ ಕಾಲದ ಪ್ರಿಂಟುಗಳಲ್ಲಿ ಹಸಿರು ಮಿಶ್ರಿತ ನೀಲಿ ವರ್ಣಕ ಮೊದಲು ಮಾಸಿ, ಮುಖಗಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತವೆ. ಕೆಂಪನ್ನು ಹಸಿರುನೀಲಿ ತಣಿಸೀತು ಎಂದು ಎಲ್ಲರೂ ಸಲಹೆ ಕೊಟ್ಟರು. ನಾನೂ ನಂಬಿ ಅಂಥ ಹಾಳೆಗಳನ್ನು ಒಂದು ಡಜನ್ ತಂದೆ. ಇಟ್ಟು ನೋಡಿದರೆ ಮುಖಗಳು ಇನ್ನಷ್ಟು ಕೆಂಪಗೆ ಉರಿದವು. ಕೊನೆಗೆ ಹಟಕ್ಕೆ ಬಿದ್ದು, ಫೋಟೊಗಿಂತಲೂ ಕೆಂಪಾದ ಮಾಸಲು ಇಟ್ಟಿಗೆ ಬಣ್ಣದ ಹಾಳೆಯನ್ನು ಹಾಸಿದಾಗ, ಅದರ ಎದುರು ಫೋಟೊದ ಕೆಂಪು ತಾನಾಗಿ ತಗ್ಗಿ, ಉಟ್ಟ ಬಟ್ಟೆಗಳಲ್ಲಿ ಅಡಗಿದ್ದ ಹಸಿರು ಸ್ವಲ್ಪವಾದರೂ ಕಾಣಿಸಿಕೊಂಡಿತು. ಹಾಗೆ ಮಾಡಬಾರದೆಂದು ಖಡಾಖಂಡಿತವಾಗಿ ಹೇಳಿದ್ದವರೊಬ್ಬರು ಆ ಪುಟವನ್ನು ನೋಡಿ, ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿಸಿದಿರಾ ಎಂದು ಕೇಳಿದ್ದನ್ನು ನಾನು ಇನ್ನೂ ಮರೆತಿಲ್ಲ.

ಜೋಡಣೆಯಲ್ಲಿ ನನ್ನ ತಪ್ಪು ದುರಾಸೆಯದು. 12 ಅಂಗುಲದ ಚೌಕ ಪುಟದಲ್ಲಿ 4×6ರ ಆರು ಫೋಟೊಗಳು ಸಂದಿಲ್ಲದೆ ಕೂರುತ್ತವೆ, ನಾನು ಐದನ್ನು ತುರುಕುತ್ತಿದ್ದೆ. ಉಳಿಯುತ್ತಿದ್ದುದು ಒಂದು ಫೋಟೊದಷ್ಟು ಜಾಗ. ಅಷ್ಟರಲ್ಲಿ ಯಾವ ಬಣ್ಣದ ಹಾಳೆ ಇದ್ದರೇನು? ಈಗ 5×7ರದು ಒಂದು, 3 ಅಂಗುಲದ ಚೌಕಗಳು ಮೂರು, ಅಷ್ಟೇ. ಲೆಕ್ಕ ಹಾಕಿದರೆ ಫೋಟೊಗಳು ಪುಟದ ಅರ್ಧಕ್ಕಿಂತ ತುಸು ಕಡಿಮೆ ಜಾಗ ಹಿಡಿಯುತ್ತವೆ. ಚಿಕ್ಕ ಮೂರನ್ನು 3 ಮಿಲಿಮೀಟರ್ ಸಂದು ಬಿಟ್ಟು ಒಂದೇ ಪಟ್ಟಿಯಾಗಿ ಕೂರಿಸಿದರೆ ಕಣ್ಣು ಅವನ್ನು ಒಂದೇ ಚಿತ್ರವೆಂದು ಎಣಿಸುತ್ತದೆ, ಆಗ ದೊಡ್ಡ ಫೋಟೊಗೆ ಎದುರಾಳಿಯೊಂದೇ. ಮುಖಗಳ ನೋಟ ಪುಟದ ಒಳಕ್ಕೆ ತಿರುಗಿರಬೇಕೆಂಬುದು ನಿಮಗೆಲ್ಲ ಗೊತ್ತು. ಅಕ್ಕಪಕ್ಕದ ಫೋಟೊಗಳಲ್ಲಿ ದಿಗಂತದ ಗೆರೆಗಳು ಒಂದೇ ಎತ್ತರಕ್ಕೆ ಬರುವಂತೆ ಕತ್ತರಿಸುವುದನ್ನು ಮಾತ್ರ ಹಲವರು ಮರೆಯುತ್ತಾರೆ. ಅದನ್ನು ಕಡೆಗಣಿಸಿದ ನನ್ನ ಹಳೆಯ ಪುಟವೊಂದನ್ನು ಈಗ ತೆರೆದರೆ ಹಡಗಿನಲ್ಲಿ ಕುಳಿತಂತೆ ತಲೆ ತೂಗುತ್ತದೆ. ಜೋಡಿಸಿದ್ದನ್ನು ಅಂಟಿಸದೆ ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ತಲೆಕೆಳಗಾಗಿ ತಿರುಗಿಸಿ ನೋಡುತ್ತೇನೆ. ಭಾರ ಯಾವ ಮೂಲೆಗೆ ಜಾರಿದೆಯೆಂದು ಆಗ ಮುಖಗಳ ಗೊಂದಲವಿಲ್ಲದೆ ತಿಳಿಯುತ್ತದೆ.

ದೀಪದ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ರಾತ್ರಿ 2,700 ಕೆಲ್ವಿನ್ನಿನ ಹಳದಿ ಬಲ್ಬಿನಡಿ ಒಂದೇ ಎಂದು ಕಂಡ ಎರಡು ಬೂದು ಹಾಳೆಗಳಲ್ಲಿ ಒಂದು, ಹಗಲಿನಲ್ಲಿ ನೇರಳೆಗೆ ವಾಲಿತು. ಜೋಡಿಪುಟದ ಎರಡೂ ಬದಿ ಅಂಟಿಸಿಯಾಗಿತ್ತು. ಈಗ ಹಾಳೆ ಆರಿಸುವ ಕೆಲಸವೆಲ್ಲ ಹಗಲಿನ ಕಿಟಕಿಯ ಬಳಿ, ಕತ್ತರಿಸುವುದು ಮಾತ್ರ ರಾತ್ರಿ. ಗಾಢ ಕೆಂಪು ಹಾಳೆಗಳನ್ನು ಒದ್ದೆ ಬಿಳಿ ಕಾಗದಕ್ಕೆ ಒತ್ತಿ ರಾತ್ರಿಯಿಡೀ ಭಾರ ಹೇರಿಟ್ಟೂ ನೋಡಿದ್ದೇನೆ. ಏಳರಲ್ಲಿ ಮೂರೋ ನಾಲ್ಕೋ ಬಣ್ಣ ಬಿಟ್ಟವು, ಅದರಲ್ಲಿ ಅತಿ ದುಬಾರಿಯದೂ ಒಂದು. ಆಮ್ಲರಹಿತ, ಲಿಗ್ನಿನ್‌ರಹಿತ (ಕಾಗದವನ್ನು ಹಳದಿಯಾಗಿಸುವ ಮರದ ಅಂಶವಿಲ್ಲದ್ದು) ಎಂದು ಬರೆದಿದ್ದರೂ ಬಣ್ಣ ನಿಲ್ಲುತ್ತದೆಂಬ ಖಾತರಿ ಅದರಲ್ಲಿ ಇರುವುದಿಲ್ಲ.

ಈಗ ನನ್ನ ಬಳಿ 216 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಒಂಬತ್ತು ಮಾಸಲು ಬಣ್ಣಗಳ ಕಾರ್ಡ್‌ಸ್ಟಾಕ್ ಮಾತ್ರ ಇವೆ, ಖರ್ಚು ಮೊದಲ ವರ್ಷದ ಮೂರನೆಯ ಒಂದಕ್ಕೆ ಇಳಿದಿದೆ. ಆ ಒಂಬತ್ತು ಯಾವುವೆಂದು ಕೇಳುವವರಿಗೆ ಆರನ್ನು ಹೇಳುತ್ತೇನೆ: ಬೂದು ಸಾಸಿವೆ, ಇಟ್ಟಿಗೆ, ಒಣ ಎಲೆಯ ಹಸಿರು, ಹೊಗೆ ನೀಲಿ, ಕಲ್ಲಿದ್ದಲು, ಕೆನೆ. ಉಳಿದ ಮೂರನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಮೂರನೆಯ ಆಲ್ಬಮ್ ಮುಗಿಯುವವರೆಗೆ ಅವು ನನ್ನ ಪೆಟ್ಟಿಗೆಯಲ್ಲೇ ಇರಲಿ.